ಅಪ್ಪನ ಜಾವಾ ಗಾಡಿಗೆ ಹೊಸ ಬಣ್ಣ ಬೇಕೇ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಪುಣೆಯಿಂದ ದೂರವಾಣಿ ಮಾಡಿ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದರು. ಅವರ ತಂದೆ ನನ್ನ ಸಹೋದ್ಯೋಗಿಯಾಗಿದ್ದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ವರ್ಗವಾಗುತ್ತ ವರ್ಗವಾಗುತ್ತ ಸೇವೆ ಸಲ್ಲಿಸಿ, ಕೊನೆಗೆ ಸಿಂದಗಿಯಲ್ಲಿ ಮನೆ ಕಟ್ಟಿಕೊಂಡು ನೆಲೆಸಿದವರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. 1971ರಲ್ಲಿ ಅವರು ಕೊಂಡಿದ್ದ ಜಾವಾ ಮೋಟಾರ್‌ಸೈಕಲ್ಲು ಇಂದಿಗೂ ಆ ಮನೆಯ ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದೆ.

"ಸರ್, ಅಪ್ಪಾರ ಗಾಡಿ ಪೂರಾ ಹೊಸದು ಮಾಡಸ್ಬೇಕಂತ ಮಾಡೀನ್ರಿ. ಹಳೀ ಬಣ್ಣಾ ಎಲ್ಲಾ ಕೆರದು ತಗದು, ಶೋರೂಮಿನಿಂದ ಬಂದಂಗ ಹೊಳಿಯೂ ಹಂಗ ಮಾಡಿ ಕೊಡ್ತೀವಂತ ಗ್ಯಾರೇಜಿನವ್ರು ಹೇಳ್ಯಾರ್ರಿ. ನೀವೇನಂತೀರಿ?"

"ತಮ್ಮಾ, ಎಂಜಿನ್ ಅವಶ್ಯ ಮಾಡಸು. ಬಣ್ಣಕ್ಕ ಮಾತ್ರ ಕೈ ಹಚ್ಚಬ್ಯಾಡ" ಎಂದೆ.

ಅವರಿಗೆ ನನ್ನ ಮಾತು ವಿಚಿತ್ರವಾಗಿ ಕಂಡಿತು. ದೂರವಾಣಿಯಲ್ಲಿ ಎಲ್ಲವನ್ನೂ ವಿವರಿಸಲು ಆಗಲಿಲ್ಲ. ನಮ್ಮ ಭಾಗದ ಅನೇಕ ಮನೆಗಳಲ್ಲಿ ಇಂತಹ ಹಳೆಯ ಜಾವಾ, ಯೆಜ್ಡಿ, ಬುಲೆಟ್ ಗಾಡಿಗಳು ದನದ ಕೊಟ್ಟಿಗೆಗಳಲ್ಲಿಯೂ ಹಿತ್ತಲುಗಳಲ್ಲಿಯೂ ನಿಂತಿವೆ. ದೂರದ ಊರುಗಳಲ್ಲಿ ನೌಕರಿ ಮಾಡುವ ಮಕ್ಕಳು, ಮೊಮ್ಮಕ್ಕಳು ಈಗ ಅವುಗಳ ಧೂಳು ಝಾಡಿಸಿ ಗ್ಯಾರೇಜಿಗೆ ಒಯ್ಯುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಅಲ್ಲಿಂದ ಹೊಳೆಯುತ್ತ ಹೊರಬರುವ ಗಾಡಿಯಲ್ಲಿ ಅಪ್ಪನದು, ಅಜ್ಜನದು ಎನ್ನುವಂಥದ್ದು ಎಷ್ಟು ಉಳಿದಿರುತ್ತದೆ ಎಂಬುದನ್ನು ಯೋಚಿಸಬೇಕಾಗಿದೆ. ಆ ಕಾರಣದಿಂದಲೇ ಈ ಬರಹ.

ಮೊದಲು ಈ ಗಾಡಿಯ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ, ಕಿರಿಯರಿಗೆ ಗೊತ್ತಿರಲಾರದು. ಜಾವಾ ಮೂಲತಃ ಚೆಕೊಸ್ಲೊವಾಕಿಯಾದ ಕಂಪನಿ. ನಮ್ಮಲ್ಲಿ ಫರೂಕ್ ಇರಾನಿ ಮತ್ತು ರುಸ್ತುಂ ಇರಾನಿ ಎಂಬವರು ಅದರ ಪರವಾನಗಿ ಪಡೆದು, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಲ್ಲಿ ಅಲ್ಲಿ ತಯಾರಿಕೆ ಆರಂಭವಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದ್ದರು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. ಅದು ಇರಾನ್ ದೇಶದ ಯಜ್ದ್ ನಗರವನ್ನು ನೆನಪಿಸುವ ಹೆಸರು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿಯವರು ಜಾವಾ ಹೆಸರಿಗೆ ಮರುಜೀವ ಕೊಟ್ಟು, ಮಧ್ಯಪ್ರದೇಶದ ಪೀತಂಪುರದಲ್ಲಿ ಹೊಸ ಗಾಡಿಗಳನ್ನು ಮಾಡತೊಡಗಿದರು. ಅವು ಚೆನ್ನಾಗಿರಬಹುದು, ಆದರೆ ಮೈಸೂರಿನ ಕೈಗಳು ಮಾಡಿದ ಗಾಡಿ ಇನ್ನು ಮುಂದೆ ಒಂದೂ ಹೆಚ್ಚಾಗುವುದಿಲ್ಲ. ಇರುವವುಗಳಲ್ಲಿಯೇ ಕಡಿಮೆಯಾಗುತ್ತ ಹೋಗಬೇಕು.

ಆ ಗಾಡಿಯ ರಚನೆಯೂ ವಿಶಿಷ್ಟವಾಗಿತ್ತು. 250 ಸಿ.ಸಿ.ಯ ಟು-ಸ್ಟ್ರೋಕ್ ಎಂಜಿನ್; ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದು ಗೇರ್ ಆಗುತ್ತಿತ್ತು. ಪೆಟ್ರೋಲಿನೊಂದಿಗೆ ಆಯಿಲನ್ನು ಅಳತೆ ಮಾಡಿ ಬೆರೆಸಬೇಕಾಗುತ್ತಿತ್ತು. ಅದರ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದೊಡನೆ ಮಾಸ್ತರರು ಬಂದರೆಂದು ಹುಡುಗರು ಪುಸ್ತಕ ತೆರೆದು ಕುಳಿತುಕೊಳ್ಳುತ್ತಿದ್ದರು. ಇದನ್ನು ಓದುವ ನಿಮ್ಮಲ್ಲಿ ಕೆಲವರಿಗೆ ಅದು ಚೆನ್ನಾಗಿಯೇ ನೆನಪಿರಬೇಕು.

ಇನ್ನು ನನ್ನ ಸಹೋದ್ಯೋಗಿಯ ಗಾಡಿಯ ಬಣ್ಣದ ವಿಷಯ. ಕಡುಗೆಂಪು ಮೈ, ಟ್ಯಾಂಕಿನ ಎರಡೂ ಬದಿಗೆ ಬೆಣ್ಣೆಯ ಬಣ್ಣ, ಇವೆರಡರ ನಡುವೆ ಚಿನ್ನದ ಬಣ್ಣದ ತೆಳುವಾದ ಗೆರೆ. ಇದು 1971ರಲ್ಲಿ ಮೈಸೂರಿನಲ್ಲಿ ಹಚ್ಚಿದ ಬಣ್ಣವೇ. ಮತ್ತೆ ಯಾರೂ ಅದರ ಮೇಲೆ ಬಣ್ಣ ಹಚ್ಚಿಲ್ಲ. ಈಗ ಅದು ಮಂಕಾಗಿದೆ, ಅಲ್ಲಲ್ಲಿ ಸುಲಿದಿದೆ. ಆದರೆ ನಾನು ಆ ಗಾಡಿಯನ್ನು ಹತ್ತಿರದಿಂದ ಬಲ್ಲವನಾದ್ದರಿಂದ, ಆ ಒಂದೊಂದು ಗುರುತೂ ನನಗೆ ಒಂದೊಂದು ವರ್ಷವನ್ನು ಹೇಳುತ್ತದೆ.

ಗಾಡಿ ಕೊಂಡ ಮರುವರ್ಷವೇ ಎಪ್ಪತ್ತೆರಡರ ಬರ ಬಂದಿತು. ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ಕಾಲವನ್ನು ಅಳೆಯುವುದು ಆ ಬರದ ಹಿಂದೆ, ಬರದ ಮುಂದೆ ಎಂದೇ. ಆಗ ಅವರು ಇಂಡಿ ತಾಲ್ಲೂಕಿನಲ್ಲಿದ್ದರು. ಮಕ್ಕಳು ತಂದೆತಾಯಿಗಳೊಂದಿಗೆ ಕೂಲಿಗೆ ಹೋಗಿ ಶಾಲೆ ಖಾಲಿಯಾಗತೊಡಗಿದಾಗ, ಅವರು ಈ ಗಾಡಿಯ ಮೇಲೆ ಹಳ್ಳಿ ಹಳ್ಳಿ ತಿರುಗಿ ಹತ್ತನೆಯ ತರಗತಿಯ ಹುಡುಗರನ್ನಾದರೂ ಕರೆತಂದರು. ಅವರ ಊಟಕ್ಕೆಂದು ಉಳ್ಳವರಿಂದ ಜೋಳ ಬೇಡಿ ತಂದರು. ಹಿಂದಿನ ಕ್ಯಾರಿಯರು ಬಗ್ಗಿ, ಅದರ ಕಡ್ಡಿ ಮಡ್‌ಗಾರ್ಡಿನ ಬಣ್ಣವನ್ನು ಉಜ್ಜಿದ್ದು ಆ ಜೋಳದ ಚೀಲಗಳ ಭಾರಕ್ಕೆ. ಮುಂದಿನ ಮಡ್‌ಗಾರ್ಡಿನ ಒಳಮೈಯೆಲ್ಲ ಗೀರುಗಳಿವೆ. ಡೋಣಿ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗದಂತಾಗುತ್ತಿತ್ತು. ಕೆಳಗಿಳಿದು ಕಬ್ಬಿಣದ ಸಲಾಕೆಯಿಂದ ಅದನ್ನು ಕೆದರಿ ತೆಗೆಯಬೇಕಾಗುತ್ತಿತ್ತು. ಮುದ್ದೇಬಿಹಾಳದಲ್ಲಿದ್ದಾಗ ಅಲ್ಲಿಯ ಪೇಂಟರೊಬ್ಬರು ಹಳದಿ ಬಣ್ಣದಲ್ಲಿ 'ಶ್ರೀ ಬಸವೇಶ್ವರ ಪ್ರಸನ್ನ' ಎಂದು ಬರೆದುಕೊಟ್ಟರು. ಅಂತಹ ದುಂಡಗಿನ ಕೈಬರಹದ ಅಕ್ಷರಗಳನ್ನು ಬರೆಯುವವರು ಈಗ ವಿರಳ; ಎಲ್ಲವೂ ಸ್ಟಿಕ್ಕರ್. ಬಲಗಡೆಯ ಸೈಲೆನ್ಸರಿನ ನೆಗ್ಗು ಬಾಗೇವಾಡಿಯ ಸಂತೆಯಲ್ಲಿ ಎತ್ತಿನ ಬಂಡಿಯ ಗಾಲಿ ತಗುಲಿ ಆದದ್ದು.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಗುರುತು ಟ್ಯಾಂಕಿನ ಮೇಲ್ಭಾಗದಲ್ಲಿದೆ. ಪೆಟ್ರೋಲ್ ಮುಚ್ಚಳದ ಹಿಂದೆ ಒಂದಂಗುಲ ಉದ್ದದ ಹತ್ತಾರು ಸಣ್ಣ ಗೀರುಗಳು. ಮಗ ಒಂದನೆಯ, ಎರಡನೆಯ ತರಗತಿಯಲ್ಲಿದ್ದಾಗ ತಂದೆ ಅವನನ್ನು ಮುಂದೆ ಟ್ಯಾಂಕಿನ ಮೇಲೆ ಕೂಡಿಸಿಕೊಂಡು ಶಾಲೆಗೆ ಕರೆತರುತ್ತಿದ್ದರು. ಹುಡುಗನ ಕೈಯಲ್ಲಿ ಪಾಟಿ ಇರುತ್ತಿತ್ತು. ಆ ಪಾಟಿಯ ಚೌಕಟ್ಟಿನ ಮೂಲೆಗೆ ಬಡಿದಿದ್ದ ತಗಡು ದಿನವೂ ಟ್ಯಾಂಕಿಗೆ ತಾಗಿ ತಾಗಿ ಆದ ಗೀರುಗಳವು. ತಂದೆ ಗಾಡಿಯನ್ನು ಒರೆಸುವಾಗ ಅದನ್ನು ನೋಡಿ ನಗುತ್ತಿದ್ದರೇ ಹೊರತು ಒಮ್ಮೆಯೂ ಬಣ್ಣ ಹಚ್ಚಿಸಲಿಲ್ಲ. ಇಂದು ಗ್ಯಾರೇಜಿನವರು ಮೊದಲು ಕೆರೆದು ತೆಗೆಯುವುದು ಈ ಟ್ಯಾಂಕಿನ ಬಣ್ಣವನ್ನೇ. ಕೆರೆಯಲು ಹೇಳುತ್ತಿರುವವರು ಆ ಪಾಟಿಯನ್ನು ಹಿಡಿದಿದ್ದ ಹುಡುಗನೇ.

ಇದಕ್ಕೆ ಎದುರಾಗಿ ಹೇಳುವ ಮಾತುಗಳು ನನಗೆ ಗೊತ್ತಿಲ್ಲವೆಂದಲ್ಲ. ಮೊದಲನೆಯದು ಗೌರವದ ಮಾತು. ಹಬ್ಬ ಬಂದರೆ ಮನೆಗೆ ಸುಣ್ಣ ಹಚ್ಚುತ್ತೇವೆ, ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತೇವೆ, ಜಾತ್ರೆಯ ತೇರನ್ನು ಸಿಂಗರಿಸುತ್ತೇವೆ. ಹಾಗಿರುವಾಗ ಅಪ್ಪನ ಗಾಡಿಯನ್ನು ಬಣ್ಣಗೆಟ್ಟ ಸ್ಥಿತಿಯಲ್ಲಿ ನಿಲ್ಲಿಸಿದರೆ, ಮಕ್ಕಳು ಕಾಳಜಿ ಮಾಡಲಿಲ್ಲವೆಂದು ಊರವರು ಆಡಿಕೊಳ್ಳುವುದಿಲ್ಲವೇ? ಈ ಸಂಕೋಚ ಸಹಜವಾದದ್ದು. ಆದರೆ ಸುಣ್ಣವನ್ನು ಮುಂದಿನ ವರ್ಷವೂ ಹಚ್ಚಬಹುದು. ಐವತ್ತು ವರ್ಷಗಳ ಬಳಕೆಯನ್ನು ಯಾವ ಪೇಂಟರೂ ತಿರುಗಿ ಹಚ್ಚಿಕೊಡಲಾರ.

ನಮ್ಮ ವಿಜಯಪುರದಲ್ಲಿಯೇ ಬಾಳಿದ ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ಅವರು ಮನೆ ಮನೆ, ಮಠ ಮಠ ತಿರುಗಿ ವಚನಗಳ ತಾಡೋಲೆಗಳನ್ನು ಸಂಗ್ರಹಿಸಿದರು, ಮನೆ ಮಾರಿ ಮುದ್ರಣಾಲಯ ಮಾಡಿದರು, ವಚನಗಳನ್ನು ಅಚ್ಚು ಹಾಕಿಸಿ ಜನರ ಕೈಗೆ ಕೊಟ್ಟರು. ಓದಲು ಅಚ್ಚಿನ ಪುಸ್ತಕ ಬಂದಿತೆಂದು ತಾಡೋಲೆಯ ಅಕ್ಷರಗಳನ್ನು ಯಾರೂ ಒರೆಸಿ ಹೊಸದಾಗಿ ಬರೆಯಲಿಲ್ಲ. ಇದಕ್ಕೆ ವಿರುದ್ಧವಾಗಿ ನಮ್ಮ ಹಳ್ಳಿಗಳ ಗುಡಿಗಳಲ್ಲಿ ಭಕ್ತಿಯಿಂದಲೇ ಶಾಸನದ ಕಲ್ಲುಗಳಿಗೆ ಆಯಿಲ್ ಪೇಂಟ್ ಬಳಿದು, ಅಕ್ಷರಗಳನ್ನು ಓದಲಾಗದಂತೆ ಮಾಡಿದ್ದನ್ನು ನಾವು ಕಂಡಿದ್ದೇವೆ. ಸಿಂದಗಿ ತಾಲ್ಲೂಕಿನವರೇ ಆದ ಎಂ.ಎಂ. ಕಲಬುರ್ಗಿಯವರಂತಹ ಶಾಸನ ವಿದ್ವಾಂಸರು ಹುಟ್ಟಿದ ನೆಲ ನಮ್ಮದು. ಗುರುತುಗಳನ್ನು ಓದುವ ವಿದ್ಯೆಗೆ ಬೆಲೆ ಕೊಡುವುದನ್ನು ನಾವಾದರೂ ಕಲಿಯಬೇಕು.

ಇದು ಹಳ್ಳಿಯ ಮಾಸ್ತರನೊಬ್ಬನ ಭಾವುಕತೆಯೆಂದು ಯಾರೂ ತಿಳಿಯಬಾರದು. 2012ರಲ್ಲಿ ಅಂತರರಾಷ್ಟ್ರೀಯ ಪುರಾತನ ವಾಹನ ಒಕ್ಕೂಟವಾದ ಫಿವಾ, ಟ್ಯೂರಿನ್ ಸನ್ನದು ಎಂಬ ಒಂದು ಮಾರ್ಗಸೂಚಿಯನ್ನು ಅಂಗೀಕರಿಸಿತು. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ದಾರಿಯಲ್ಲಿಯೇ ಅದು ಹೊರಟಿದೆ. ಇರುವುದನ್ನು ಕಾಯುವುದು ಮೊದಲು, ಹೊಸದು ಮಾಡುವುದು ಅನಿವಾರ್ಯವಾದಾಗ ಮಾತ್ರ ಎಂಬುದು ಅದರ ಸಾರ. ಅಮೆರಿಕದಲ್ಲಿರುವ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬಹುದು: ಅಲ್ಲಿಯ 1960ರ ದಶಕದ ಭಾರೀ ಎಂಜಿನ್ನಿನ ಮಸಲ್ ಕಾರುಗಳಲ್ಲಿಯೂ, ಕಾರ್ಖಾನೆಯ ಬಣ್ಣವನ್ನು ಹಾಗೆಯೇ ಉಳಿಸಿಕೊಂಡವುಗಳಿಗೆ ಬಲ್ಲವರು ಪ್ರತ್ಯೇಕ ಮನ್ನಣೆ ಕೊಡುತ್ತಾರೆ.

ಎರಡನೆಯ ಆಕ್ಷೇಪ ತುಕ್ಕಿನದು. ಹಳೆಯ ಬಣ್ಣ ಉಳಿಸಿದರೆ ಗಾಡಿ ತುಕ್ಕು ತಿಂದು ಹೋಗುವುದಿಲ್ಲವೇ? ಸುಮ್ಮನೆ ಬಿಟ್ಟರೆ ಖಂಡಿತ ಹೋಗುತ್ತದೆ. ಉಳಿಸುವುದೆಂದರೆ ಬಿಟ್ಟುಬಿಡುವುದಲ್ಲ, ಅದಕ್ಕೆ ಹೊಸ ಬಣ್ಣ ಹಚ್ಚುವುದಕ್ಕಿಂತ ಹೆಚ್ಚಿನ ತಾಳ್ಮೆ ಬೇಕು. ತಿಳಿದವರನ್ನು ವಿಚಾರಿಸಿ ನಾನು ಅರಿತದ್ದನ್ನು ಇಲ್ಲಿ ಹೇಳುತ್ತೇನೆ.

ಗಾಡಿಯನ್ನು ಮುಟ್ಟುವ ಮೊದಲು ಹಗಲು ಬೆಳಕಿನಲ್ಲಿ ಎಲ್ಲ ಕಡೆಯಿಂದ ಛಾಯಾಚಿತ್ರ ತೆಗೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಪೈಪು ಬೇಡ. ಸುಲಿದ ಬಣ್ಣದ ಅಂಚಿನೊಳಗೆ ನೀರು ನುಗ್ಗಿ ಇನ್ನಷ್ಟು ಏಳುತ್ತದೆ. ಸೌಮ್ಯವಾದ ಸಾಬೂನಿನ ನೀರು, ಮೆತ್ತನೆಯ ಹತ್ತಿಬಟ್ಟೆ ಸಾಕು. ಹೊಳಪಿಗೆಂದು ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿಸಿದರೆ ಪ್ರತಿಸಲವೂ ಬಣ್ಣದ ತೆಳುಪದರ ಹೋಗುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ಆ ಚಿನ್ನದ ಗೆರೆ. ತೊಳೆದು ಪೂರ್ತಿ ಒಣಗಿಸಿದ ಮೇಲೆ ಮೇಣದ ಪಾಲಿಶ್ ಹಚ್ಚಿರಿ. ತುಕ್ಕು ಎಲ್ಲಿದೆಯೋ ಅಲ್ಲಿ ಮಾತ್ರ ನಯವಾಗಿ ತೆಗೆದು, ಅಷ್ಟೇ ಜಾಗಕ್ಕೆ ಹೊಂದುವ ಬಣ್ಣ ಮುಟ್ಟಿಸಿರಿ. ತುಕ್ಕಿನ ಮೇಲೆಯೇ ಪಾರದರ್ಶಕ ವಾರ್ನಿಶ್ ಬಳಿದರೆ ಅದು ಒಳಗೊಳಗೇ ಬೆಳೆಯುತ್ತದೆ.

ಇನ್ನು ಓಡುವ ಭಾಗಗಳಲ್ಲಿ ಯಾವ ಕಂಜೂಸಿಯೂ ಬೇಡ. ಗಾಡಿ ಓಡಲಿಕ್ಕೆಂದೇ ಹುಟ್ಟಿದ್ದು. ಎಷ್ಟೋ ವರ್ಷ ನಿಂತ ಟು-ಸ್ಟ್ರೋಕ್ ಎಂಜಿನ್ನಿನ ಆಯಿಲ್ ಸೀಲುಗಳು ಗಟ್ಟಿಯಾಗಿ ಬಿರಿದಿರುತ್ತವೆ. ಅವುಗಳಿಂದ ಗಾಳಿ ಒಳನುಗ್ಗಿದರೆ ಎಂಜಿನ್ ಕೆಡುತ್ತದೆ. ಸೀಲು, ಪಿಸ್ಟನ್ ರಿಂಗು, ಬ್ರೇಕಿನ ಶೂ, ಟೈರು, ಕೇಬಲ್, ವೈರಿಂಗ್, ಅಗತ್ಯವಿದ್ದರೆ ಬೋರಿಂಗ್, ಎಲ್ಲವನ್ನೂ ಮಾಡಿಸಿರಿ. ಈಗ ಬರುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುವುದರಿಂದ ಹಳೆಯ ರಬ್ಬರಿನ ಪೈಪುಗಳು ಬಾಳಿಕೆ ಬರುವುದಿಲ್ಲ. ಅದು ನೀರನ್ನು ಎಳೆದುಕೊಳ್ಳುವುದರಿಂದ ಟ್ಯಾಂಕಿನ ಒಳಗೂ ತುಕ್ಕು ಹಿಡಿಯುತ್ತದೆ. ಓಡಿಸದೆ ನಿಲ್ಲಿಸುವಾಗ ಟ್ಯಾಂಕನ್ನು ಬರಿದು ಮಾಡಿಡುವುದು ಲೇಸು. ತೆಗೆದುಹಾಕಿದ ಹಳೆಯ ಭಾಗಗಳನ್ನು ಗುಜರಿಗೆ ಕೊಡದೆ ಒಂದು ಡಬ್ಬಿಯಲ್ಲಿ ಕಟ್ಟಿಡಿ.

ಕಾನೂನಿನ ದೃಷ್ಟಿಯಿಂದಲೂ ಇದು ಗಮನಿಸಬೇಕಾದ ವಿಷಯ. ವಾಹನದ ಬಣ್ಣ ಆರ್.ಸಿ. ಪುಸ್ತಕದಲ್ಲಿ ದಾಖಲಾಗಿರುತ್ತದೆ, ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಮೈಯನ್ನು ಕೆರೆಯುವ ಭರದಲ್ಲಿ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳು ಸವೆದುಹೋದರೆ ಗಾಡಿಯ ಗುರುತೇ ಹೋದಂತೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಲು ನಿಯಮ ಮಾಡಿತು. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂತಹ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗೆ ಮಾತ್ರ. ಸಂತೆಗೆ, ಹೊಲಕ್ಕೆ ಓಡಿಸಬೇಕೆನ್ನುವವರು ಐದು ವರ್ಷಕ್ಕೊಮ್ಮೆ ಮಾಡಿಸುವ ಸಾಮಾನ್ಯ ನವೀಕರಣವನ್ನೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಎಲ್ಲ ಗಾಡಿಗಳಿಗೂ ಇದೇ ನಿಯಮವೆಂದು ನಾನು ಹೇಳುವುದಿಲ್ಲ. ಮಳೆಗೆ ನಿಂತು ತಗಡೇ ತೂತಾಗಿದ್ದರೆ, ಬಣ್ಣವೆಂಬುದೇ ಉಳಿಯದಿದ್ದರೆ, ಧಾರಾಳವಾಗಿ ಹೊಸ ಬಣ್ಣ ಹಚ್ಚಿಸಿರಿ. ಅದೇ ಕಡುಗೆಂಪನ್ನು ಹಚ್ಚಿಸಿದರೆ ಸಾಕು. ಆಗಲೂ ಟೂಲ್‌ಬಾಕ್ಸಿನ ಒಳಭಾಗದಂತಹ ಒಂದು ಕಡೆಯಾದರೂ ಮೊದಲಿನ ಬಣ್ಣವನ್ನು ಸಾಕ್ಷಿಗಾಗಿ ಬಿಡಿ. ನಡುವೆ ಯಾವಾಗಲೋ ಅಪ್ಪನೇ ಬೇರೆ ಬಣ್ಣ ಹಚ್ಚಿಸಿದ್ದರೆ ಅದೂ ಅವರ ಇಷ್ಟವೇ. ಅದನ್ನು ಅಳಿಸಿ ಕಾರ್ಖಾನೆಯ ಬಣ್ಣಕ್ಕೆ ಮರಳಬೇಕೆಂಬ ಹಠವೂ ಬೇಡ.

ಬಣ್ಣ ಉಳಿದರೂ ಅದರ ಅರ್ಥ ಹೇಳುವವರು ಉಳಿಯದಿದ್ದರೆ ಅದು ಬರಿಯ ಗೀರಾಗಿಬಿಡುತ್ತದೆ. ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಇಂತಹ ಗಾಡಿಯಿದ್ದರೆ ನೂರು ಪುಟದ ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಯಾವ ವರ್ಷ ಕೊಂಡದ್ದು, ಎಷ್ಟು ಬೆಲೆಗೆ, ಹಣ ಹೊಂದಿಸಿದ್ದು ಹೇಗೆ, ಮೊದಲ ಸಲ ಯಾರನ್ನು ಕೂಡಿಸಿಕೊಂಡು ಹೋದದ್ದು, ಯಾವ ನೆಗ್ಗು ಎಲ್ಲಿ ಆದದ್ದು ಎಂಬುದನ್ನು ತಾಯಂದಿರನ್ನು, ಕಾಕಾ, ಮಾಮಾ, ಅತ್ತಿಯರನ್ನು ಕೇಳಿ ಬರೆದಿಡಿ. ಹಳೆಯ ಬಿಲ್ಲು, ಟ್ಯಾಕ್ಸಿನ ರಸೀದಿಗಳನ್ನು ಅದರಲ್ಲಿಯೇ ಅಂಟಿಸಿರಿ. ಈ ದೀಪಾವಳಿಗೆ ಊರಿಗೆ ಬಂದಾಗಲೇ ಈ ಕೆಲಸವನ್ನು ಆರಂಭಿಸಿರಿ. ಗ್ಯಾರೇಜಿನವರನ್ನು ಆಮೇಲೆ ಕಂಡರಾಯಿತು.