ಗುಬ್ಬಕ್ಕ ತೆಗೆಯದ ಬಾಗಿಲು

ಡೊಂಬಿವಲಿಯ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಅಂಗಳದಲ್ಲಿ ಮರಾಠಿ, ಹಿಂದಿಗಳನ್ನೂ ಆಡಿ ಮನೆಗೆ ಬರುವವರು. ಅವರಿಗಾಗಿ ನಡೆಸುವ ರವಿವಾರದ ಕನ್ನಡ ವರ್ಗದಲ್ಲಿ ಕಳೆದ ಮಳೆಗಾಲ ನಾನು ಕಾಗಕ್ಕ-ಗುಬ್ಬಕ್ಕನ ಕಥೆ ಹೇಳಿದೆ.

ನನ್ನ ತಾಯಿ ಹೇಳುತ್ತಿದ್ದ ಕಥೆ ಕಠೋರವಾದುದು. ಮಳೆಗೆ ಸೆಗಣಿಯ ಮನೆ ಕರಗಿಹೋಗಿ ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ನೀರು ಹೊಯ್ಯುತ್ತಿದ್ದೇನೆ, ಕಾಡಿಗೆ ಇಡುತ್ತಿದ್ದೇನೆ, ತೊಟ್ಟಿಲು ತೂಗುತ್ತಿದ್ದೇನೆ ಎಂದು ಗುಬ್ಬಕ್ಕ ನೆವ ಹೇಳುತ್ತಲೇ ಇರುತ್ತಾಳೆ. ಕೊನೆಗೆ ಒಳಗೆ ಬಂದ ಕಾಗಕ್ಕ ಮರಿಗಳನ್ನೇ ತಿಂದುಬಿಡುತ್ತಾಳೆ. ಎಳೆಯರಿಗೆ ಇದೇಕೆಂದು ನಾನು ತಿದ್ದಿದೆ: ಗುಬ್ಬಕ್ಕ ಮೊದಲ ಕೂಗಿಗೇ ಬಾಗಿಲು ತೆಗೆದಳು, ಇಬ್ಬರೂ ಬಿಸಿ ಗಂಜಿ ಉಂಡು ಮಲಗಿದರು. ಆರು ವರ್ಷದ ಹುಡುಗಿಯೊಬ್ಬಳು "ಅಷ್ಟೇನಾ?" ಎಂದಳು.

ತಿದ್ದಿದುದಕ್ಕೆ ಇನ್ನೊಂದು ಕಾರಣವೂ ಇತ್ತೆಂದು ಒಪ್ಪಿಕೊಳ್ಳಬೇಕು. ಈ ನಾಡಿನ ಬಾಗಿಲು ಬಡಿದು ಬಂದವರು ನಾವು. 1966ರಲ್ಲಿ ಶಿವಸೇನೆ ಹುಟ್ಟಿದ ನಂತರದ ವರ್ಷಗಳಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದಾಗ, ಹೊರಗಿನಿಂದ ಬಂದವರು ಮನೆಯ ಮಕ್ಕಳ ಅನ್ನ ಕಸಿಯುತ್ತಾರೆಂಬುದೇ ಆರೋಪವಾಗಿತ್ತು. ಕಾಗಕ್ಕನ ಕೊನೆಯನ್ನು ಹೇಳಲು ನನಗೆ ನಾಲಗೆ ಏಳಲಿಲ್ಲ.

ಕಥೆ ತಿದ್ದುವುದೇ ತಪ್ಪೆನ್ನಲಾರೆ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ವಸುಭಾಗಭಟ್ಟನ ಪಂಚತಂತ್ರವನ್ನು ಚಂಪುವಾಗಿಸಿ ಕನ್ನಡಕ್ಕೆ ಒಗ್ಗಿಸಿದನು. ಆದರೆ ದಮನಕನ ಕುಟಿಲತೆಯನ್ನು ತೊಳೆದುಹಾಕಲಿಲ್ಲ. ನಾನಾದರೋ ಬಾಗಿಲನ್ನು ಬೇಗ ತೆರೆಸಿ ಎಣ್ಣೆ, ಕಾಡಿಗೆ, ತೊಟ್ಟಿಲುಗಳನ್ನೆಲ್ಲ ಕಥೆಯ ಹೊರಗೆ ನಿಲ್ಲಿಸಿದ್ದೆ. ಥಾಣೆ, ಕಲ್ಯಾಣ, ನವಿ ಮುಂಬಯಿಗಳ ಫ್ಲ್ಯಾಟುಗಳಲ್ಲಿ ಬೆಳೆಯುವ ಮಗುವಿನ ಕಿವಿಗೆ ಆ ಮಾತುಗಳು ಮತ್ತೆಲ್ಲಿ ಬೀಳಬೇಕು? ನೆವಗಳು ಬೆಳೆದಷ್ಟೂ ಮನೆಮಾತು ಬೆಳೆಯುತ್ತದೆ. ಎಳೆಯರಿಗೆ ರುಚಿಸುವುದೂ ಆ ಪುನರಾವರ್ತನೆಯೇ. ಇದೇ ಕಥೆ ಮರಾಠಿಯಲ್ಲಿಯೂ ಇದೆ. ಅಲ್ಲಿ ಗುಬ್ಬಿ ಚಿಊತಾಈ, ಕಾಗೆ ಬರಿಯ ಕಾಊ. ನಮ್ಮಲ್ಲಿ ಬಡಿದವಳೂ ಅಕ್ಕ, ತೆಗೆಯದವಳೂ ಅಕ್ಕ. ಒಳ್ಳೆಯವಳು ಯಾರೆಂದು ನಿರ್ಧರಿಸಿಕೊಟ್ಟು, ಕೆಳಗೊಂದು ನೀತಿ ಅಚ್ಚುಹಾಕುವ ಬಣ್ಣದ ಪುಸ್ತಕಗಳಲ್ಲಿ ಈ ಸಂಕಟಕ್ಕೆ ಸ್ಥಳವಿಲ್ಲ.

ಮುಂದಿನ ರವಿವಾರ ತಾಯಿಯ ಕಥೆಯನ್ನೇ ಪೂರ್ತಿ ಹೇಳಿದೆ. ಯಾರೂ ಅಳಲಿಲ್ಲ. ಗುಬ್ಬಕ್ಕ ಮೊದಲೇ ಬಾಗಿಲು ತೆಗೆದಿದ್ದರೆ ಕಾಗಕ್ಕ ಮರಿಗಳನ್ನು ತಿನ್ನುತ್ತಿದ್ದಳೇ ಎಂದು ಅದೇ ಹುಡುಗಿ ಕೇಳಿದಳು. ತಿನ್ನುತ್ತಿದ್ದಳು ಎಂದು ಕೆಲವರು, ಇಲ್ಲ ಎಂದು ಕೆಲವರು. ವರ್ಗ ಮುಗಿದು ಮೆಟ್ಟಿಲಿಳಿಯುವವರೆಗೂ ವಾದ ನಡೆದೇ ಇತ್ತು, ಅಲ್ಲಲ್ಲಿ ಮರಾಠಿ ಬೆರೆತ ಕನ್ನಡದಲ್ಲಿ.