ಬೀದರದ ಹೊಸ ವಿಶ್ವವಿದ್ಯಾನಿಲಯವೂ ಸಿರ್ಗಾಪುರದ ಮಕ್ಕಳೂ

ಸಿರ್ಗಾಪುರ ಎಂಬ ಹೆಸರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ, ನಾರಾಯಣಖೇಡದ ಕಡೆ ಇರುವ ಊರದು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು, ನೆಂಟರಿಷ್ಟರಲ್ಲಿ ಮರಾಠಿ ಎಂಬಂತೆ ಬದುಕುವ ಕುಟುಂಬಗಳು ಆ ಸೀಮೆಯಲ್ಲಿವೆ. ಊರು ಅಪರಿಚಿತವಾದರೂ ಅದರ ಪಾಡು ನಮಗೆ ಅಪರಿಚಿತವಲ್ಲ. 1956 ನೆಯ ನವೆಂಬರ್ 1 ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕೂ ಜಹೀರಾಬಾದಿನ ಬಹುಭಾಗವೂ, ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರಪ್ರದೇಶದ ಪಾಲಾದವು. ನಮ್ಮನ್ನು ಆಚೆಗೆ ಹಾಕಿದ ಕಾಯಿದೆಯೇ ಅವರನ್ನೂ ಆಚೆಗೆ ಹಾಕಿತು. ಆದುದರಿಂದ ಅವರ ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಇಲ್ಲಿ ಎರಡು ಮಾತು ಬರೆಯುವುದು ಅಪ್ರಸ್ತುತವೆಂದು ಯಾರೂ ಭಾವಿಸಬಾರದು.

ಈ ಮಾತಿಗೆ ಈಗ ಕಾರಣವಾಗಿರುವುದು ಬೀದರ ವಿಶ್ವವಿದ್ಯಾನಿಲಯ. ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದುದನ್ನು ಕರ್ನಾಟಕ ಸರಕಾರವು 2022 ರ ಕಾಯಿದೆಯ ಮೂಲಕ ಸ್ವತಂತ್ರ ವಿಶ್ವವಿದ್ಯಾನಿಲಯವನ್ನಾಗಿ ಮಾಡಿತು. 2023 ರ ಮಾರ್ಚಿನಲ್ಲಿ ಅದು ಇತರ ಆರರೊಂದಿಗೆ ಉದ್ಘಾಟನೆಗೊಂಡಿತು. ಪ್ರತಿಯೊಂದಕ್ಕೂ ಆರಂಭಕ್ಕೆಂದು ಗೊತ್ತುಮಾಡಿದ ಹಣ 2 ಕೋಟಿ ರೂಪಾಯಿ. ಇಂದಿನ ಕಾಲದಲ್ಲಿ ಒಂದು ದೊಡ್ಡ ಕಲ್ಯಾಣಮಂಟಪ ಕಟ್ಟಲಿಕ್ಕೂ ಈ ಮೊತ್ತ ಸಾಲುವುದು ಕಷ್ಟ. ಎರಡೇ ವರ್ಷಗಳಲ್ಲಿ, 2025 ರ ಫೆಬ್ರವರಿಯಲ್ಲಿ, ಸಂಪುಟದ ಉಪಸಮಿತಿಯೊಂದು ಹೊಸ ಹತ್ತು ವಿಶ್ವವಿದ್ಯಾನಿಲಯಗಳ ಪೈಕಿ ಒಂಬತ್ತನ್ನು ಮುಚ್ಚುವುದೇ ಲೇಸೆಂದು ಅಭಿಪ್ರಾಯಪಟ್ಟಿತು. ಉಳಿಯಲಿ ಎಂದು ಅದು ಹೇಳಿದ್ದು ಬೀದರ ಒಂದನ್ನೇ. ಕಾರಣ, ಅದರ ಅಧೀನದಲ್ಲಿ ಕಾಲೇಜುಗಳ ಸಂಖ್ಯೆ ಹೆಚ್ಚು.

ಬೀದರ ಉಳಿಯಿತೆಂಬುದು ಸಂತೋಷದ ವಿಷಯವೇ. ಆದರೆ ಉಳಿದುದಕ್ಕೆ ಕೊಟ್ಟ ಕಾರಣ ಮಾತ್ರ ಯೋಚನೆಗೆ ಹಚ್ಚುತ್ತದೆ. ಕಾಲೇಜುಗಳು ಹೆಚ್ಚಿದ್ದರೆ ಸಂಯೋಜನೆಯ ಶುಲ್ಕ ಬರುತ್ತದೆ, ಪರೀಕ್ಷಾ ಶುಲ್ಕ ಬರುತ್ತದೆ, ಖರ್ಚು ಹೇಗೋ ಸಾಗುತ್ತದೆ. ಆದರೆ ಅಂಕಪಟ್ಟಿ ಮುದ್ರಿಸಿ ಹಂಚುವ ಕಚೇರಿಯನ್ನು ವಿಶ್ವವಿದ್ಯಾನಿಲಯವೆಂದು ಕರೆಯಲಾದೀತೇ? ಕಾಯಂ ಅಧ್ಯಾಪಕರಿಲ್ಲದೆ, ವರ್ಷ ವರ್ಷವೂ ಅತಿಥಿ ಉಪನ್ಯಾಸಕರನ್ನು ಕರೆದು ಕಳುಹಿಸುವಲ್ಲಿ ಸಂಶೋಧನೆ ಬೇರು ಬಿಡುವುದಾದರೂ ಹೇಗೆ? ಇದು ಬೀದರ ಒಂದರ ಕೊರತೆಯಲ್ಲ, ರಾಜ್ಯದ ಹಳೆಯ ವಿಶ್ವವಿದ್ಯಾನಿಲಯಗಳನ್ನೂ ಕಾಡುತ್ತಿರುವ ರೋಗ. ಎಳೆಯ ಸಸಿಗೆ ಅದು ತಗುಲಿದರೆ ಅಪಾಯ ಹೆಚ್ಚು, ಅಷ್ಟೆ.

ಬೀದರ ನಗರಕ್ಕೆ ಈ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1472 ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾ ಅಲ್ಲಿ ಇಂದಿಗೂ ನಿಂತಿದೆ. 1696 ರಲ್ಲಿ ಮದ್ದಿನ ಸ್ಫೋಟದಿಂದ ಅರ್ಧ ಹಾಳಾದ ಕಟ್ಟಡವನ್ನು ಜನ ಇಂದೂ ನೋಡಲು ಹೋಗುತ್ತಾರೆ. ಆದರೆ ಅದರ ಹೆಸರು ಉಳಿದಿರುವುದು ಕೇವಲ ಗೋಡೆಯ ಹೊಳಪಿನ ಹೆಂಚುಗಳಿಂದಲ್ಲ. ದೂರದ ದೇಶಗಳಿಂದ ವಿದ್ವಾಂಸರು ಅಲ್ಲಿಗೆ ಬಂದು ನೆಲೆಸಿ ಕಲಿಸಿದರು, ಸಾವಿರಾರು ಹಸ್ತಪ್ರತಿಗಳ ಗ್ರಂಥಭಂಡಾರ ಅಲ್ಲಿತ್ತು ಎಂಬುದರಿಂದ.

ನಮ್ಮ ಅನುಭವವನ್ನೂ ಇಲ್ಲಿ ನೆನೆಯಬಹುದು. 1968 ರಲ್ಲಿ ಕೊಣಾಜೆಯ ಗುಡ್ಡದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಆರಂಭವಾದಾಗ ಅದೂ ಚಿಕ್ಕದೇ ಆಗಿತ್ತು. ಮೊದಲು ಬಂದದ್ದು ಎಸ್. ವಿ. ಪರಮೇಶ್ವರ ಭಟ್ಟರಂತಹ ಗುರುಗಳು, ಆ ಬಳಿಕ ವಿದ್ಯಾರ್ಥಿಗಳು. 1980 ರಲ್ಲಿ ಮಂಗಳಗಂಗೋತ್ರಿ ಮಂಗಳೂರು ವಿಶ್ವವಿದ್ಯಾನಿಲಯವಾಗುವ ಹೊತ್ತಿಗೆ ಅಲ್ಲಿ ಹನ್ನೆರಡು ವರ್ಷಗಳ ಪಾಠಪ್ರವಚನ ನಡೆದಿತ್ತು. ಗುಲ್ಬರ್ಗದ ಕೇಂದ್ರವೂ ಧಾರವಾಡದ ಆಶ್ರಯದಲ್ಲಿ ಹತ್ತು ವರ್ಷ ಬೆಳೆದು ಅದೇ 1980 ರಲ್ಲಿ ಸ್ವತಂತ್ರವಾಯಿತು. ತಲಪಾಡಿಯ ಗಡಿ ದಾಟಿ ಕೊಣಾಜೆಯಲ್ಲಿ ಕಲಿತು ಬಂದ ಎಷ್ಟು ಮಂದಿ ನಮ್ಮ ಶಾಲೆ ಕಾಲೇಜುಗಳಲ್ಲಿ ಕನ್ನಡ ಕಲಿಸಿದ್ದಾರೆಂಬುದನ್ನು ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಡಿಯಾಚೆ ಇದ್ದ ಆ ಒಂದು ಗುಡ್ಡ ಗಡಿಯೀಚೆಯ ಭಾಷೆಯನ್ನು ಉಳಿಸಲು ಸಹಾಯ ಮಾಡಿತು.

ಸಿರ್ಗಾಪುರದವರಿಗೆ ಅಂತಹ ಗುಡ್ಡ ಯಾವುದು? ನಕಾಶೆ ನೋಡಿದರೆ ಉತ್ತರ ಸುಲಭ. ಹೈದರಾಬಾದಿಗಿಂತ ಬೀದರವೇ ಅವರಿಗೆ ಹತ್ತಿರ. ಮದುವೆಯ ಸಂಬಂಧ, ಜಾತ್ರೆ, ದವಸದ ವ್ಯಾಪಾರ ಎಲ್ಲಕ್ಕೂ ಆ ಸೀಮೆಯವರಿಗೆ ಬೀದರದ ಬಳಕೆ ಹಳೆಯದು. ವಿದ್ಯಾಭ್ಯಾಸದ ಮಾತು ಬಂದಾಗ ಮಾತ್ರ ಗೆರೆ ಅಡ್ಡ ಬರುತ್ತದೆ.

ಅಲ್ಲಿಯ ಒಬ್ಬ ಹುಡುಗಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಅವಳ ಅಜ್ಜ ಹುಟ್ಟಿದ್ದು ಬೀದರ ಜಿಲ್ಲೆಯಲ್ಲಿ. ಊರು ಬಿಟ್ಟು ಕದಲದೆಯೇ ಅವನು ಆಂಧ್ರದವನಾದ. ಮೊಮ್ಮಗಳು 2014 ರ ಬಳಿಕ ತೆಲಂಗಾಣದವಳು. ನಾರಾಯಣಖೇಡದಲ್ಲಿ ಪದವಿ ಮುಗಿಸಿ ಎಂ.ಎ. ಓದಬೇಕೆಂದು ಅವಳು ಬೀದರದ ಕಡೆ ಮುಖ ಮಾಡಿದರೆ, ಅರ್ಜಿಯ ಮೇಲೆ ಅವಳು ಹೊರರಾಜ್ಯದ ಅಭ್ಯರ್ಥಿ. ಹಿಂದಿನ ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳು ಹಿಂದುಳಿದಿವೆಯೆಂದು ಸಂವಿಧಾನಕ್ಕೆ 98 ನೆಯ ತಿದ್ದುಪಡಿ ತಂದು 371 ಜೆ ವಿಧಿಯನ್ನು ಸೇರಿಸಿದರು. 2013 ರಿಂದ ಆ ಪ್ರದೇಶದ ವಿದ್ಯಾಸಂಸ್ಥೆಗಳ ಬಹುಪಾಲು ಸೀಟುಗಳು ಅಲ್ಲಿಯವರಿಗೇ ಮೀಸಲು. ಇದು ನ್ಯಾಯವೇ ಹೌದು. ಆದರೆ ಅದೇ ಸಂಸ್ಥಾನದಲ್ಲಿ, ಅದೇ ಬೀದರ ಜಿಲ್ಲೆಯಲ್ಲಿ, ಅದೇ ಬಡತನವನ್ನು ಉಂಡ ನಾರಾಯಣಖೇಡದವರು ಗೆರೆಯ ಆಚೆಗಿರುವ ಒಂದೇ ಕಾರಣಕ್ಕೆ ಆ ನ್ಯಾಯದಿಂದಲೂ ಆಚೆಗಾದರು. ಕಾಸರಗೋಡಿನ ಮಕ್ಕಳಿಗೆ ಕರ್ನಾಟಕದ ವೃತ್ತಿಶಿಕ್ಷಣದಲ್ಲಿ ಗಡಿನಾಡ ಕನ್ನಡಿಗರೆಂಬ ಮನ್ನಣೆಯಾದರೂ ಇದೆ. ಬೀದರದ ನೆರೆಯಲ್ಲೇ ಇರುವವರಿಗೆ ಅಷ್ಟರ ಮಟ್ಟಿನ ಆಸರೆಯನ್ನಾದರೂ ಆ ಜಿಲ್ಲೆಯದೇ ವಿಶ್ವವಿದ್ಯಾನಿಲಯ ಕೊಡಬೇಡವೇ?

ಆದುದರಿಂದ ನಮ್ಮ ಸಲಹೆ ಇಷ್ಟು. ನಾರಾಯಣಖೇಡ, ಜಹೀರಾಬಾದು, ತಾಂಡೂರು ಸೀಮೆಗಳ ಕನ್ನಡ ಮನೆಗಳಿಂದ ಬರುವ ವಿದ್ಯಾರ್ಥಿಗಳಿಗೆ ಪ್ರತಿ ವಿಭಾಗದಲ್ಲಿ ಒಂದೆರಡು ಹೆಚ್ಚುವರಿ ಸೀಟುಗಳನ್ನು ಇಡಬೇಕು. ಇವು ಬೀದರದ ಮಕ್ಕಳ ಸೀಟಿನಿಂದ ಕಿತ್ತುಕೊಂಡವು ಆಗಬಾರದು. ಶುಲ್ಕದಲ್ಲಿಯೂ ವಿದ್ಯಾರ್ಥಿನಿಲಯದಲ್ಲಿಯೂ ಅವರನ್ನು ಜಿಲ್ಲೆಯವರಂತೆಯೇ ಕಾಣಬೇಕು. ತೆಲುಗಿನಲ್ಲಿ ಓದಿ ಬಂದವರಿಗೆ ಕನ್ನಡದ ಓದುಬರಹವನ್ನು ಗಟ್ಟಿಮಾಡಲು ಮೊದಲ ಕೆಲವು ತಿಂಗಳು ಪ್ರತ್ಯೇಕ ತರಗತಿ ನಡೆಸಬೇಕು. ಇದಕ್ಕೆ ಬೇಕಾದ ಹಣ ದೊಡ್ಡದಲ್ಲ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೆಂಬುದು ಕರ್ನಾಟಕದಲ್ಲಿದೆ. ಉತ್ಸವ, ಸನ್ಮಾನಗಳಿಗಿಂತ ಇಂತಹ ಕೆಲಸಕ್ಕೆ ಅದರ ನೆರವು ಒದಗಿದರೆ ಹೆಚ್ಚು ಫಲ.

ಕರ್ನಾಟಕದ ಹಣವನ್ನು ಬೇರೆ ರಾಜ್ಯದವರಿಗೆ ಏಕೆ ಸುರಿಯಬೇಕು, ಬೀದರದಲ್ಲೇ ಬಡ ಮಕ್ಕಳಿಲ್ಲವೇ ಎಂದು ಕೇಳುವವರು ಇದ್ದಾರೆ. ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಇದು ಕೇವಲ ದಾನದ ಮಾತಲ್ಲ, ವಿಶ್ವವಿದ್ಯಾನಿಲಯಕ್ಕೇ ಇದರಿಂದ ಲಾಭವಿದೆ. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಕೂಡುವ ಇಂತಹ ಸೀಮೆ ದೇಶದಲ್ಲಿ ಅಪರೂಪ. ಮಾಂಜರಾ ನದಿಯ ಎರಡು ದಡಗಳ ಆಡುಮಾತು, ಮಠಗಳ ಮತ್ತು ದರ್ಗಾಗಳ ಚರಿತ್ರೆ, ನಿಜಾಮರ ಕಾಲದ ಉರ್ದು ಕಂದಾಯ ದಾಖಲೆಗಳು, ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಹಾಡುಗಳು, ಇವೆಲ್ಲ ಸಂಶೋಧಕರನ್ನು ಕಾದು ಕುಳಿತಿವೆ. ಧಾರವಾಡವೋ ಮೈಸೂರೋ ಮಾಡಲಾಗದ ಕೆಲಸವಿದು. ಇದನ್ನು ಮಾಡಲು ಬೇಕಾದದ್ದು ಆ ನಾಲ್ಕೂ ಭಾಷೆಗಳನ್ನು ಬಾಲ್ಯದಿಂದಲೇ ಕಿವಿಗೆ ಹಾಕಿಕೊಂಡ ವಿದ್ಯಾರ್ಥಿಗಳು. ಅಂತಹವರು ಸಿರ್ಗಾಪುರದ ಮನೆಗಳಲ್ಲಿದ್ದಾರೆ. ಇನ್ನೊಂದು ತಲೆಮಾರು ಕಳೆದರೆ ಇರುವರೆಂದು ಹೇಳಲಾಗದು. ಶಾಲೆಯಲ್ಲಿ ಉಪಯೋಗವಿಲ್ಲದ ಭಾಷೆ ಮೊದಲು ಬರವಣಿಗೆಯಿಂದ, ಆಮೇಲೆ ಅಡುಗೆಮನೆಯಿಂದ ಹೊರಟುಹೋಗುವುದನ್ನು ನಾವು ನಮ್ಮ ಕಣ್ಣೆದುರಿಗೇ ಕಾಣುತ್ತಿದ್ದೇವೆ.

ಇನ್ನೊಂದು ಮಾತು. 2009 ರಲ್ಲಿ ಸ್ಥಾಪನೆಯಾಗಿ ಪೆರಿಯದಲ್ಲಿ ನೆಲೆಸಿದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಇಂದು ಕನ್ನಡ ವಿಭಾಗವಿದೆ. ಮಲೆಯಾಳದ ನಾಡಿನಲ್ಲಿ ನಿಂತ ಸಂಸ್ಥೆಯೊಂದು ನೆರೆಯ ಭಾಷೆಗೆ ಒಂದು ಕೋಣೆ ಕೊಡಬಹುದಾದರೆ, ಕನ್ನಡ ನಾಡಿನ ಸಂಸ್ಥೆ ತನ್ನ ಭಾಷೆಯದೇ ಮಕ್ಕಳಿಗೆ ಬೆಂಚಿನಲ್ಲಿ ಜಾಗ ಕೊಡುವುದು ಕಷ್ಟವೇನೂ ಆಗಲಾರದು.

ಬೀದರ ವಿಶ್ವವಿದ್ಯಾನಿಲಯ ಕಾಲೇಜುಗಳ ಲೆಕ್ಕದಿಂದ ಒಮ್ಮೆ ಬದುಕಿಕೊಂಡಿತು. ಮುಂದೆ ಇನ್ನೊಂದು ಸಮಿತಿ ಬಂದು, ನೀವು ಮಾಡಿದ್ದೇನು ಎಂದು ಕೇಳುವ ದಿನ ಬರದಿರದು. ಆಗ ತೋರಿಸಲು ಅದರ ಬಳಿ ಪರೀಕ್ಷಾ ಶುಲ್ಕದ ರಶೀದಿಗಳು ಮಾತ್ರ ಇರಬಾರದು. ಸಿರ್ಗಾಪುರದಿಂದ ಬಂದು ಕಲಿತು, ತನ್ನ ಊರಿನ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸಲು ಹಿಂದಿರುಗಿದ ಒಬ್ಬ ಮಾಸ್ತರಿಣಿಯಾದರೂ ಇರಲಿ. ಕರ್ನಾಟಕ ಸರಕಾರವೂ ವಿಶ್ವವಿದ್ಯಾನಿಲಯದ ಅಧಿಕೃತರೂ ಬರುವ ವರ್ಷದ ಪ್ರವೇಶಕ್ಕೆ ಮೊದಲೇ ಇತ್ತ ಗಮನ ಹರಿಸುವರೆಂದು ಆಶಿಸುತ್ತೇವೆ.