ಗಾಜಿನ ಕಪಾಟಿನ ಹೆಲಿಕಾಪ್ಟರುಗಳು

ಸೇನಾ ಹೆಲಿಕಾಪ್ಟರುಗಳ ಪುಟ್ಟ ಮಾದರಿಗಳನ್ನು ಹಣ ತೆತ್ತು ಕೊಂಡು ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸುವ ಹವ್ಯಾಸವು ಪಾಶ್ಚಾತ್ಯ ದೇಶಗಳಿಂದ ನಮ್ಮ ನಗರಗಳಿಗೂ ಬಂದು ಸೇರಿದೆ. ಇದನ್ನು ಬಾಲಿಶವೆಂದು ತಳ್ಳಿಹಾಕುವವರೂ ಉಂಟು. ನಾವು ಆ ಪಂಗಡಕ್ಕೆ ಸೇರಿದವರಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ನಾಡಿನವರು, ವಯಸ್ಸಾದ ಗೃಹಸ್ಥನೊಬ್ಬನು ಅಂಗೈಯಗಲದ ಯಂತ್ರವೊಂದನ್ನು ನೋಡಿ ಸಂತೋಷಪಟ್ಟರೆ ನಗುವುದು ಉಚಿತವಲ್ಲ. ಆದರೆ ಗೊಂಬೆಗೆ ಕಥೆಯಿರುವಂತೆ ಈ ಮಾದರಿಗೂ ಒಂದು ಕಥೆಯುಂಟು. ಆ ಕಥೆಯನ್ನು ಯಾರು ಹೇಳುತ್ತಾರೆ, ಎಷ್ಟು ಹೇಳುತ್ತಾರೆ, ಯಾವುದನ್ನು ಬಿಟ್ಟುಬಿಡುತ್ತಾರೆ ಎಂಬುದು ವಿಚಾರ ಮಾಡತಕ್ಕ ವಿಷಯವೆಂದು ನಮಗೆ ತೋರುತ್ತದೆ.

ಮಾದರಿಗಳು ಒಂದು ಕಾಲದಲ್ಲಿ ಕೇವಲ ಆಟಿಕೆಗಳಾಗಿರಲಿಲ್ಲ. ಆರು ಅಡಿಗೆ ಒಂದು ಅಂಗುಲ, ಎಂದರೆ ೭೨ಕ್ಕೆ ೧ ಎಂಬ ಪ್ರಮಾಣವು ೧೯೩೨ರಲ್ಲಿ ಇಂಗ್ಲೆಂಡಿನ ‘ಸ್ಕೈಬರ್ಡ್ಸ್’ ಎಂಬ ವಿಮಾನದ ಮಾದರಿಗಳಿಂದ ರೂಢಿಗೆ ಬಂದಿತು. ಅಮೆರಿಕವು ಎರಡನೆಯ ಮಹಾಯುದ್ಧಕ್ಕೆ ಇಳಿದೊಡನೆ, ೧೯೪೨ರ ಆದಿಯಲ್ಲಿ, ಅಲ್ಲಿನ ನೌಕಾಖಾತೆಯು ಇದೇ ಪ್ರಮಾಣದ ಐದು ಲಕ್ಷ ಮಾದರಿಗಳನ್ನು ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ ಮಾಡಿಸಲು ಹೊರಟಿತು. ೩೫ ಅಡಿ ದೂರದಲ್ಲಿ ಹಿಡಿದ ಮಾದರಿಯು ಸುಮಾರು ಅರ್ಧ ಮೈಲಿ ದೂರದ ನಿಜವಿಮಾನದಂತೆಯೇ ಕಾಣುವುದರಿಂದ, ಶತ್ರುವಿನದು ಯಾವುದು, ಮಿತ್ರನದು ಯಾವುದು ಎಂದು ಗೋಲಂದಾಜರಿಗೆ ಕಲಿಸಲು ಅವು ಬೇಕಾಗಿದ್ದವು. ಯುದ್ಧಾನಂತರ ಈ ಕಲೆಯು ಪುನಃ ಮಕ್ಕಳ ಕೈ ಸೇರಿತು. ಲಿವರ್‌ಪೂಲಿನ ಮೆಕ್ಯಾನೊ ಕಾರ್ಖಾನೆಯವರು ಕರಗಿದ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಒತ್ತಡದಿಂದ ತುಂಬಿ ‘ಡಿಂಕಿ’ ಎಂಬ ಹೆಸರಿನಿಂದ ಮಾರುತ್ತಿದ್ದ ಆಟಿಕೆಗಳಲ್ಲಿ ಮೋಟಾರುಗಳ ಜೊತೆಗೆ ಹೆಲಿಕಾಪ್ಟರುಗಳೂ ಸೇರಿದವು. (ಇವರ ಯುದ್ಧಪೂರ್ವದ ಆಟಿಕೆಗಳಲ್ಲಿ ಸತುವಿನೊಡನೆ ಸೀಸದ ಲೇಶವು ಬೆರೆತದ್ದರಿಂದ ಎಷ್ಟೋ ಮಾದರಿಗಳು ಕಾಲಕ್ರಮೇಣ ತಾವಾಗಿಯೇ ಬಿರಿದು ಪುಡಿಯಾದವು, ಹಳೆಯ ಸಂಗ್ರಾಹಕರಿಗೆ ಇದು ಗೆದ್ದಲಿಗಿಂತಲೂ ಭಯಂಕರವಾದ ಶತ್ರು.) ಈಗ ಅದೇ ವಿಧಾನದ ಮಾದರಿಗಳು ಪ್ರೌಢರಿಗಾಗಿಯೇ ತಯಾರಾಗುತ್ತವೆ. ಯಾವ ದಳದ, ಯಾವ ಸಂಖ್ಯೆಯ, ಯಾವ ವರ್ಷದ ಯಂತ್ರವೆಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕುತ್ತಾರೆ. ಸಂಗ್ರಾಹಕನು ಬೆಲೆ ಕೊಡುವುದು ಈ ನಿಖರತೆಗೆ.

ಹೆಲಿಕಾಪ್ಟರಿನ ಸೈನಿಕ ಚರಿತ್ರೆಯು ಆದಿಯಿಂದಲೂ ನಮ್ಮ ನೆಲದೊಡನೆ ಕೂಡಿಕೊಂಡಿರುವ ಸಂಗತಿಯು ವಾಚಕರಲ್ಲಿ ಅನೇಕರಿಗೆ ಹೊಸದಾಗಿರಬಹುದು. ಕೀವ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಇಗೊರ್ ಸಿಕೋರ್ಸ್ಕಿಯವರು ೧೯೩೯ರಲ್ಲಿ ತಮ್ಮ ವಿ. ಎಸ್. ೩೦೦ ಯಂತ್ರವನ್ನು ನೆಲದಿಂದ ಎತ್ತಿದರು. ಅದರ ಸಂತತಿಯಾದ ಆರ್-೪ ಯಂತ್ರವು ೧೯೪೪ರಲ್ಲಿ ಅಸ್ಸಾಮಿನ ಲಾಲಾಘಾಟ್ ವಿಮಾನನೆಲೆಗೆ ಬಂದಿತು. ಆ ಏಪ್ರಿಲಿನಲ್ಲಿ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಎಂಬ ಅಮೆರಿಕನ್ ಚಾಲಕನು ಅಲ್ಲಿಂದ ಹೊರಟು, ಬರ್ಮಾದ ಕಾಡಿನಲ್ಲಿ ಜಪಾನೀಯರ ಸಾಲಿನ ಹಿಂದೆ ಸಿಕ್ಕಿಬಿದ್ದಿದ್ದ ಒಬ್ಬ ವಿಮಾನಚಾಲಕನನ್ನೂ ಮೂವರು ಬ್ರಿಟಿಷ್ ಗಾಯಾಳುಗಳನ್ನೂ ಒಬ್ಬೊಬ್ಬರನ್ನಾಗಿ ಹೊತ್ತು ತಂದನು. ಒಂದು ಸಲಕ್ಕೆ ಒಬ್ಬನಿಗಿಂತ ಹೆಚ್ಚು ಮಂದಿಯನ್ನು ಎತ್ತಲು ಆ ಯಂತ್ರಕ್ಕೆ ಶಕ್ತಿಯಿರಲಿಲ್ಲ. ರಣಭೂಮಿಯಿಂದ ಹೆಲಿಕಾಪ್ಟರು ಮನುಷ್ಯರನ್ನು ಪಾರುಮಾಡಿದ ಮೊದಲನೆಯ ಪ್ರಸಂಗವಿದು. ಕೊಲ್ಲುವ ಕೆಲಸಕ್ಕೆ ಹೂಡುವುದಕ್ಕೆ ಮುಂಚೆ ಈ ಯಂತ್ರವು ಕಾಯುವ ಕೆಲಸವನ್ನು ಮಾಡಿ ತೋರಿಸಿತ್ತು.

ಇನ್ನು ಹೆಸರುಗಳ ವಿಚಾರ. ಅಂಗಡಿಯ ಸಾಲನ್ನೊಮ್ಮೆ ಓದಿರಿ: ಸೂ, ಇರೋಕ್ವಾ, ಕಯೋವಾ, ಚಿನೂಕ್, ಅಪಾಚೆ, ಬ್ಲ್ಯಾಕ್ ಹಾಕ್. ಇವೆಲ್ಲವೂ ಅಮೆರಿಕದ ಮೂಲನಿವಾಸಿಗಳ ಕುಲಗಳ ಅಥವಾ ನಾಯಕರ ಹೆಸರುಗಳು. ಯಾವ ಸೈನ್ಯವು ೧೮೭೬ರಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಸೂ ಜನರಿಂದ ಸೋತು, ಅನಂತರ ಅವರನ್ನು ಮಣಿಸಿ ಮೀಸಲು ನೆಲಗಳಿಗೆ ಅಟ್ಟಿತೋ ಆ ಸೈನ್ಯವೇ ತನ್ನ ಹೆಲಿಕಾಪ್ಟರಿಗೆ ಸೂ ಎಂದು ಹೆಸರಿಟ್ಟಿತು. ಅಪಾಚೆ ನಾಯಕ ಜೆರೊನಿಮೊ ೧೮೮೬ರಲ್ಲಿ ಶರಣಾದನು. ೧೯೦೯ರಲ್ಲಿ ಅವನು ಸತ್ತಾಗಲೂ ಯುದ್ಧಕೈದಿಯಾಗಿಯೇ ಇದ್ದನು. ಸೋತವನ ನೆಲವನ್ನು ತೆಗೆದುಕೊಂಡವರು ಅವನ ಹೆಸರನ್ನೂ ತೆಗೆದುಕೊಂಡರೆಂದು ಹೇಳಬೇಕೆ, ಅಥವಾ ಶೌರ್ಯಕ್ಕೆ ತಡವಾಗಿ ಸಲ್ಲಿಸಿದ ಕಾಣಿಕೆಯೆನ್ನಬೇಕೆ? ಈ ವಿಷಯದಲ್ಲಿ ಆ ಜನರಲ್ಲಿಯೇ ಏಕಾಭಿಪ್ರಾಯವಿಲ್ಲ. ೨೦೧೨ರಲ್ಲಿ ಸ್ಟ್ಯಾಂಡಿಂಗ್ ರಾಕ್ ಎಂಬಲ್ಲಿ ಲಕೋಟಾ ಹಿರಿಯರು ತಮ್ಮ ಕುಲದ ಹೆಸರು ಹೊತ್ತ ಯಂತ್ರಗಳನ್ನು ವಿಧಿಪೂರ್ವಕವಾಗಿ ಹರಸಿದರು. ಅವರು ಹರಸಿದುದನ್ನು ನಾವು ಹೊರಗಿನಿಂದ ಆಕ್ಷೇಪಿಸಲಾರೆವು. ಆದರೆ ಅಪಾಚೆಯೂ ಚಿನೂಕೂ ೨೦೧೯ರಿಂದ ನಮ್ಮ ವಾಯುದಳದಲ್ಲಿಯೂ ಇರುವುದರಿಂದ, ಅವುಗಳ ಮಾದರಿಯನ್ನು ಕೊಂಡು ತರುವ ತಂದೆಯು ಆ ಹೆಸರು ಯಾರದೆಂದು ಮಗನಿಗೆ ತಿಳಿಸಿದರೆ ಒಳ್ಳೆಯದು. ಪೆಟ್ಟಿಗೆಯಲ್ಲಿ ಅದು ಬರೆದಿರುವುದಿಲ್ಲ.

ಮಾದರಿಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು ‘ಹ್ಯೂಯಿ’. ೧೯೫೬ರಲ್ಲಿ ಮೊದಲು ಹಾರಿದ ಬೆಲ್ ಸಂಸ್ಥೆಯ ಈ ಯಂತ್ರಕ್ಕೆ ಸರ್ಕಾರವಿಟ್ಟ ಹೆಸರು ಇರೋಕ್ವಾ, ಆದರೆ ಎಚ್. ಯು. ೧ ಎಂಬ ಅದರ ಸಂಕೇತಾಕ್ಷರಗಳನ್ನು ಸಿಪಾಯಿಗಳು ಕೂಡಿಸಿ ಓದಿದ್ದೇ ಲೋಕರೂಢಿಯಾಯಿತು. ಒಟ್ಟು ೧೬,೦೦೦ಕ್ಕೂ ಮೇಲ್ಪಟ್ಟು ತಯಾರಾದವು. ವಿಯೆಟ್ನಾಮ್ ಯುದ್ಧಕ್ಕೆ ಹೋದವು ಸುಮಾರು ೭,೦೦೦. ಅವುಗಳಲ್ಲಿ ೩,೩೦೦ರಷ್ಟು ಮರಳಲಿಲ್ಲವೆಂದು ಅಲ್ಲಿ ಹಾರಿದ ಚಾಲಕರ ಸಂಘದವರೇ ಲೆಕ್ಕ ಹಾಕಿದ್ದಾರೆ. ಮಾದರಿಯ ತಯಾರಕರು ಬಾಗಿಲಿನ ಬಂದೂಕು, ಮೂತಿಯ ಮೇಲಿನ ಚಿತ್ರ, ಹಸಿರು ಬಣ್ಣದ ಛಾಯೆ ಇವನ್ನೆಲ್ಲ ಅತ್ಯಂತ ಶ್ರದ್ಧೆಯಿಂದ ತೋರಿಸುತ್ತಾರೆ. ಈ ಶ್ರದ್ಧೆಯನ್ನು ನಾವು ಮೆಚ್ಚುತ್ತೇವೆ. ಆದರೆ ೧೯೬೮ರ ಮಾರ್ಚ್ ೧೬ರ ಬೆಳಿಗ್ಗೆ ಅಮೆರಿಕದ ಒಂದು ದಂಡನ್ನು ಮೈ ಲಾಯ್ ಎಂಬ ಹಳ್ಳಿಯ ಗದ್ದೆಗಳಲ್ಲಿ ಇಳಿಸಿದವೂ ಹ್ಯೂಯಿಗಳೇ. ಆ ದಿನ ಅಲ್ಲಿ ಕೊಲೆಯಾದ ನಿರಾಯುಧ ಜನರ ಸಂಖ್ಯೆಯು ವಿಯೆಟ್ನಾಮೀಯರ ಲೆಕ್ಕದಂತೆ ೫೦೪. ಹೆಂಗಸರು, ಮುದುಕರು, ಕೈಗೂಸುಗಳು. ಹ್ಯೂ ಥಾಂಪ್ಸನ್ ಎಂಬ ಚಾಲಕನು ತನ್ನ ಚಿಕ್ಕ ಹಿಲ್ಲರ್ ಹೆಲಿಕಾಪ್ಟರನ್ನು, ಓಡುತ್ತಿದ್ದ ಹಳ್ಳಿಗರಿಗೂ ಬೆನ್ನಟ್ಟುತ್ತಿದ್ದ ತನ್ನ ದೇಶದ ಸೈನಿಕರಿಗೂ ನಡುವೆ ಇಳಿಸಿ, ಅವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ಅವರ ಮೇಲೆಯೇ ಹಾರಿಸಿರೆಂದು ತನ್ನ ಸಂಗಡಿಗರಾದ ಆಂಡ್ರಿಯೊಟ್ಟಾ ಮತ್ತು ಕೋಲ್‌ಬರ್ನ್‌ರಿಗೆ ಅಪ್ಪಣೆ ಮಾಡಿದನು. ಹಾಗೆ ಉಳಿದವರನ್ನು ಅಲ್ಲಿಂದ ಹೊರಗೆ ಸಾಗಿಸಿದ್ದೂ ಹ್ಯೂಯಿಯೇ. ಆಂಡ್ರಿಯೊಟ್ಟಾ ಒಂದು ತಿಂಗಳೊಳಗೆ ಯುದ್ಧದಲ್ಲಿ ಸತ್ತನು. ಅಮೆರಿಕ ಸರ್ಕಾರವು ಈ ಮೂವರಿಗೆ ಸೈನಿಕ ಪದಕವನ್ನು ಕೊಟ್ಟದ್ದು ೧೯೯೮ರಲ್ಲಿ, ಮೂವತ್ತು ವರ್ಷಗಳ ತರುವಾಯ. ಇಷ್ಟನ್ನೂ ಬಿಟ್ಟು ಬಣ್ಣದ ಛಾಯೆಯಲ್ಲಿ ಮಾತ್ರ ಸತ್ಯವಾಗಿರುವ ಮಾದರಿಗೆ ಚಾರಿತ್ರಿಕವೆಂಬ ವಿಶೇಷಣವು ಸಲ್ಲುವುದೇ ಎಂದು ಸಂಗ್ರಾಹಕರನ್ನೇ ಕೇಳುತ್ತೇವೆ.

ತಮ್ಮ ಕಥೆಯನ್ನು ತಾವು ಹೇಳಿಕೊಳ್ಳುವುದರಲ್ಲಿ ಇಂಗ್ಲಿಷರು ನಿಪುಣರು. ೧೯೮೨ರ ಮೇ ೨೫ರಂದು ಫಾಕ್ಲೆಂಡ್ ಯುದ್ಧದಲ್ಲಿ ಅರ್ಜೆಂಟೀನದ ಕ್ಷಿಪಣಿಗಳು ಅಟ್ಲಾಂಟಿಕ್ ಕನ್ವೇಯರ್ ಎಂಬ ಹಡಗಿಗೆ ತಗುಲಿ ಅದರಲ್ಲಿದ್ದ ಮೂರು ಚಿನೂಕುಗಳು ಸುಟ್ಟುಹೋದವು. ಆ ಹೊತ್ತಿನಲ್ಲಿ ಆಕಾಶದಲ್ಲಿದ್ದ ನಾಲ್ಕನೆಯದು, ‘ಬ್ರಾವೊ ನವೆಂಬರ್’ ಎಂಬುದು, ಉಳಿದ ಯುದ್ಧವೆಲ್ಲಕ್ಕೂ ಒಂಟಿಯಾಗಿಯೇ ಹೆಗಲು ಕೊಟ್ಟಿತು. ಕಾರ್ಗಿ ಸಂಸ್ಥೆಯವರು ಆ ಒಂದೇ ಯಂತ್ರದ ಮಾದರಿಯನ್ನು ತಯಾರಿಸಿ ಮಾರಿದರು. ನಿಜವಾದ ಯಂತ್ರವನ್ನು ೨೦೨೨ರಲ್ಲಿ ಕಾಸ್‌ಫರ್ಡಿನ ವಾಯುದಳ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರು.

ನಮ್ಮಲ್ಲಿ ಅಂತಹ ಕಥೆಗಳಿಗೆ ಕೊರತೆಯೆ? ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ತೆರೆದ ವಿಮಾನ ಕಾರ್ಖಾನೆಯು ೧೯೬೨ರಲ್ಲಿ ಫ್ರೆಂಚರೊಡನೆ ಒಪ್ಪಂದ ಮಾಡಿಕೊಂಡು ಅವರ ಅಲೂಯೆತ್ ಯಂತ್ರವನ್ನು ಕಟ್ಟತೊಡಗಿತು. ಅದೇ ನಮ್ಮ ಚೇತಕ್. ೧೯೭೧ರ ಡಿಸೆಂಬರ್ ೩ರ ರಾತ್ರಿ, ದಿಮಾಪುರದಲ್ಲಿ ತರಬೇತಾದ ಬಾಂಗ್ಲಾದೇಶದ ಚಾಲಕರು ಭಾರತವು ಕೊಟ್ಟಿದ್ದ ಇದೇ ಜಾತಿಯ ಒಂದು ಯಂತ್ರಕ್ಕೆ ರಾಕೆಟ್ಟುಗಳನ್ನು ಕಟ್ಟಿಕೊಂಡು ನಾರಾಯಣಗಂಜದ ತೈಲಸಂಗ್ರಹಗಳಿಗೆ ಬೆಂಕಿಯಿಟ್ಟರು. ಚೀತಾದ ಕಥೆ ಇನ್ನೂ ವಿಶೇಷವಾದದ್ದು. ಹಿಮಾಲಯದ ತೆಳುವಾದ ಗಾಳಿಯಲ್ಲಿ ಹಾರಬಲ್ಲ ಯಂತ್ರ ಬೇಕೆಂದು ಭಾರತವು ಕೇಳಿದ್ದರಿಂದಲೇ ಫ್ರೆಂಚರು ಚಿಕ್ಕ ಅಲೂಯೆತ್ ಒಂದರ ಹಗುರವಾದ ದೇಹಕ್ಕೆ ದೊಡ್ಡದರ ಎಂಜಿನನ್ನು ಕೂಡಿಸಿ ‘ಲಾಮಾ’ ಎಂದು ಹೆಸರಿಟ್ಟರು. ೧೯೭೨ರ ಜೂನ್ ೨೧ರಂದು ಜಾನ್ ಬೂಲೆ ಎಂಬ ಚಾಲಕರು ಅದರಲ್ಲಿ ೧೨,೪೪೨ ಮೀಟರ್ ಎತ್ತರಕ್ಕೇರಿ ವಿಶ್ವದಾಖಲೆಯನ್ನು ಸ್ಥಾಪಿಸಿದರು. ಮೇಲೆ ಎಂಜಿನು ಆರಿಹೋಗಲು, ಗಾಳಿಯಿಂದಲೇ ತಿರುಗುವ ರೆಕ್ಕೆಗಳ ಬಲದಿಂದ ಸುರಕ್ಷಿತವಾಗಿ ಇಳಿದರು. ಬೆಂಗಳೂರಿನಲ್ಲಿ ಚೀತಾ ಎಂಬ ಹೆಸರಿನಿಂದ ತಯಾರಾದ ಈ ಯಂತ್ರವೇ ೧೯೮೪ರ ಏಪ್ರಿಲಿನಿಂದ ಸಿಯಾಚಿನ್‌ನ ಸುಮಾರು ೨೦,೦೦೦ ಅಡಿ ಎತ್ತರದ ಠಾಣೆಗಳಿಗೆ ಸೀಮೆಎಣ್ಣೆಯನ್ನೂ ಆಹಾರವನ್ನೂ ಒಯ್ದು ಗಾಯಾಳುಗಳನ್ನು ಕೆಳಕ್ಕೆ ತಂದಿದೆ. ಹೀಗಿದ್ದೂ ನಮ್ಮ ಅಂಗಡಿಗಳಲ್ಲಿ ಅಪಾಚೆ ದೊರೆಯುವಷ್ಟು ಸುಲಭವಾಗಿ ಚೀತಾ ದೊರೆಯದು.

ಇದಕ್ಕೆ ತಯಾರಕರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ನಿಖರವಾದ ಮಾದರಿಗೆ ಯಂತ್ರದ ಅಳತೆ, ಬಣ್ಣ, ದಳದ ಲಾಂಛನ ಬೇಕು. ನಿಖರವಾದ ಕಥೆಗೆ ದಫ್ತರ ಬೇಕು. ಯುದ್ಧದ ಕಾಗದಪತ್ರಗಳನ್ನು ಸಾಮಾನ್ಯವಾಗಿ ೨೫ ವರ್ಷಗಳಲ್ಲಿ ಬಹಿರಂಗಗೊಳಿಸತಕ್ಕದ್ದು, ಪ್ರತಿ ಕಾರ್ಯಾಚರಣೆಯ ಇತಿಹಾಸವನ್ನು ಐದು ವರ್ಷಗಳೊಳಗೆ ಬರೆದು ಮುಗಿಸತಕ್ಕದ್ದು ಎಂಬ ಧೋರಣೆಗೆ ರಕ್ಷಣಾ ಸಚಿವರು ೨೦೨೧ರ ಜೂನ್ ತಿಂಗಳಿನಲ್ಲಿ ಒಪ್ಪಿಗೆಯಿತ್ತರು. ಆ ಲೆಕ್ಕದಂತೆ ೧೯೭೧ರ ಕಡತಗಳೂ ಸಿಯಾಚಿನ್‌ನ ಮೊದಲ ವರ್ಷಗಳ ಕಡತಗಳೂ ಗಡುವನ್ನು ದಾಟಿ ಬಹುಕಾಲವಾಯಿತು. ಗಡಿಯ ಗುಟ್ಟನ್ನು ಬಯಲು ಮಾಡಿರೆಂದು ನಾವು ಕೇಳುತ್ತಿಲ್ಲ. ಐವತ್ತು ವರ್ಷಗಳ ಹಿಂದೆ ಯಾವ ಸಂಖ್ಯೆಯ ಯಂತ್ರವು ಯಾವ ನೆಲೆಯಿಂದ ಹಾರಿತೆಂಬುದರಲ್ಲಿ ಯಾವ ಗುಟ್ಟೂ ಉಳಿದಿಲ್ಲ. ಬೆಂಗಳೂರಿನ ಕಾರ್ಖಾನೆಯವರು ೨೦೦೧ರಿಂದ ತಮ್ಮದೇ ವಸ್ತುಸಂಗ್ರಹಾಲಯವನ್ನು ನಡೆಸುತ್ತಿದ್ದಾರೆ. ಚೇತಕ್, ಚೀತಾಗಳ ನಕ್ಷೆಗಳನ್ನು ಮಿತವಾದ ಶುಲ್ಕಕ್ಕೆ ಮಾದರಿ ತಯಾರಕರಿಗೆ ಕೊಡುವುದು ಅವರಿಗೆ ಭಾರವಾಗದೆಂದು ನಂಬುತ್ತೇವೆ.

ಹಾಗೆ ತಯಾರಾಗುವ ಪೆಟ್ಟಿಗೆಯ ಮೇಲೆ, ಹ್ಯೂಯಿಯ ತಯಾರಕರಿಂದ ನಾವು ಕೇಳಿದುದನ್ನು ನಮ್ಮವರೂ ಬರೆಯತಕ್ಕದ್ದು. ಚೀತಾಗಳು ಹಳತಾದ ಮೇಲೆಯೂ ಹಾರುತ್ತಲೇ ಇದ್ದವು, ಬಿದ್ದವು, ಚಾಲಕರು ಸತ್ತರು. ನಾವೇ ರೂಪಿಸಿ ೧೯೯೨ರಲ್ಲಿ ಹಾರಿಸಿದ ಧ್ರುವ್ ೨೦೨೫ರ ಜನವರಿ ೫ರಂದು ಪೋರಬಂದರಿನಲ್ಲಿ ಬಿದ್ದು ಕರಾವಳಿ ರಕ್ಷಣಾ ದಳದ ಮೂವರು ಮಡಿದರು. ಆ ಜಾತಿಯ ಯಂತ್ರಗಳನ್ನು ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಬೇಕಾಯಿತು. ೧೨,೪೪೨ ಮೀಟರಿನ ದಾಖಲೆಯನ್ನು ಅಚ್ಚುಹಾಕುವ ಅಕ್ಷರದ ಗಾತ್ರದಲ್ಲಿಯೇ ಈ ತಾರೀಖುಗಳನ್ನೂ ಅಚ್ಚುಹಾಕಲು ಪೆಟ್ಟಿಗೆಯ ಹಿಂಬದಿಯಲ್ಲಿ ಬೇಕಾದಷ್ಟು ಸ್ಥಳವಿದೆ.